ಉದಗೀರದ ತೊಟ್ಟಿಲು, ಉಮರ್ಗಾದ ಕೌದಿ

ಹೊಟ್ಟೆಕಿಚ್ಚು ಅಂದರೆ ಏನೆಂದೇ ತನಗೆ ಗೊತ್ತಿಲ್ಲ ಎಂದು ಶಿವಗಂಗಾಬಾಯಿ ಉಮರ್ಗಾದ ತನ್ನ ಓಣಿಯಲ್ಲಿ ಆಗಾಗ ಹೇಳಿಕೊಳ್ಳುತ್ತಿದ್ದಳು. ಉದಗೀರದ ಬೀಗತಿ ಪ್ರೇಮಾಬಾಯಿ ಮೊಮ್ಮಗನಿಗೆ ತೊಟ್ಟಿಲು ಕಳಿಸಿದ ಮೇಲೆ ದಿನಕ್ಕೆ ಹತ್ತು ಸಲ ಹೇಳತೊಡಗಿದಳು!

ತೊಟ್ಟಿಲೂ ಅಂಥಿಂಥದಲ್ಲ. ಹಗ್ಗಕ್ಕೆ ತೂಗುಬಿಡುವ ಜೋಳಿಗೆಯಲ್ಲ. ನಾಲ್ಕು ಕಾಲೂರಿ ನಿಂತ ಸಾಗವಾನಿಯ ಸಿಂಹಾಸನ, ಸುತ್ತಲೂ ಕಟಕಟೆ. ಒಂದೂವರೆ ವರ್ಷದ ವೈಭವ ಅದರೊಳಗೆ ನಿಂತು, ಸರಳು ಹಿಡಿದು ಅರಚಿದರೆ ಥೇಟ್ ಜೇಲಿಗೆ ಹೋದ ಪುಢಾರಿ! ಟೆಂಪೋದಿಂದ ಇಳಿಸುವಾಗ ಓಣಿಯ ಹೆಂಗಸರೆಲ್ಲ ನೆರೆದು, "ಉದಗೀರದವರ ಕೈ ಭಾಳ ದೊಡ್ಡದು ನೋಡ್ರಿ" ಎಂದರು. ಅಂದು ಶಿವಗಂಗಾಬಾಯಿ ಊಟದ ತಾಟಿನಲ್ಲಿ ರೊಟ್ಟಿ ಹಾಗೇ ಬಿಟ್ಟು ಎದ್ದಳು.

ತೊಟ್ಟಿಲಿನ ಹಿಂದೆಯೇ ಫೋನಿನಲ್ಲಿ ಕಾಯಿದೆಯೂ ಬಂತು.

"ಬೀಗ್ತೇರ, ಒಳಗ ಬರೇ ಗಾದಿ ಇರಲಿ. ತೆಲಿದಿಂಬು, ಲೋಡು, ಕೌದಿ ಏನೂ ಹಾಕ್ಬ್ಯಾಡ್ರಿ. ಮಾರಿ ಮ್ಯಾಲ ಬಿದ್ರ ಉಸಿರು ಕಟ್ತದ. ಅದರ ಮ್ಯಾಲ ಹತ್ತಿದ್ರ ಹೊರಗ ಬೀಳ್ತಾನ. ಡಾಕ್ಟರೇ ಹೇಳ್ಯಾರ."

"ಆಯ್ತ್ರಿ" ಎಂದು ಫೋನಿಟ್ಟವಳೇ ಗಂಡ ಶಾಂತವೀರಪ್ಪನ ಕಡೆ ತಿರುಗಿದಳು. "ಕೇಳಿದ್ರಿಲ್ಲೊ? ನಾ ಕೈಯಾರೆ ಹೊಲದ ಕೌದಿ ಹಾಕ್ಬಾರ್ದಂತ! ನಾಕು ಮಕ್ಕಳ್ನ ಕೌದಿ ಮ್ಯಾಲೇ ಬೆಳಸೀನಿ. ಆಕೀಗಿ ಹೊಟ್ಟಿಕಿಚ್ಚು, ಮತ್ತೇನಿಲ್ಲ!"

ಕಿರಾಣಿ ಅಂಗಡಿಯ ಶಾಂತವೀರಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಹೌದು, ಯಾರಿಗೋ ಆಗ್ಯಾದ ಖರೆ" ಎಂದ.

ಇಷ್ಟೇ ಆಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸೊಸೆ ವಿಜಯಶ್ರೀಗೆ ತುರೋರಿಯ ಶಾಲೆಯಲ್ಲಿ ನೌಕರಿ ಸಿಕ್ಕಿತ್ತು. ಸೋಮವಾರ ಹಾಜರಾಗಬೇಕು. ಹಗಲಿಡೀ ಮಗು ಯಾರ ಕೈಯಲ್ಲಿ?

"ಅತ್ಯಾರ, ಅಂವಾ ಮಧ್ಯಾಹ್ನ ತೊಟ್ಲಾಗ ನಿಶ್ಚಿಂತಿ ಮಲಗಿದ್ರ ಇಲ್ಲೇ ಇರ್ಲಿ. ಇಲ್ಲಂದ್ರ ಎರಡು ತಿಂಗಳು ಉದಗೀರಕ್ಕ ಕಳಸ್ತೀನಿ. ಐತವಾರ ಅವ್ವ ಬರ್ತಾಳ. ಆಕೀನೂ ನೋಡ್ಲಿ" ಎಂದಳು ವಿಜಯಶ್ರೀ.

ಎರಡು ತಿಂಗಳು! ವೈಭವ ಆ ಪ್ರೇಮಾಬಾಯಿಯನ್ನು "ಆಯಿ" ಎಂದು ಕರೆಯುವುದು, ಅವಳ ಸೆರಗು ಹಿಡಿದು ನಿದ್ದೆ ಹೋಗುವುದು, ತಿರುಗಿ ಬಂದಾಗ ತನ್ನ ಮುಖ ನೋಡಿ ಅಳುವುದು! ನೆನೆದರೇ ಶಿವಗಂಗಾಬಾಯಿಯ ಕರುಳು ಉರಿಯಿತು. ಮೊಮ್ಮಗನಿಲ್ಲದ ಮನೆಯಲ್ಲಿ ಅವಳಿಗೆ ಒಂದು ಹೊತ್ತೂ ಕಳೆಯುತ್ತಿರಲಿಲ್ಲ. ಏನಾದರಾಗಲಿ, ಐತವಾರ ಗೆಲ್ಲಲೇಬೇಕು ಎಂದು ಪಣ ತೊಟ್ಟಳು.

ಐತವಾರ ಬೀಗತಿ ಬಂದಳು, ಹೋಳಿಗೆ ಉಂಡಳು, ಪಕ್ಕದ ಕೋಣೆಯಲ್ಲಿ ಅಡ್ಡಾದಳು. ಇತ್ತ ಶಿವಗಂಗಾಬಾಯಿ ಬಾಗಿಲು ಮುಂದೆ ಮಾಡಿ ಕೆಲಸಕ್ಕೆ ತೊಡಗಿದಳು. ಬರೀ ಗಾದಿಯ ಮೇಲೆ ಕೂಸು ಮಲಗುವುದೆಂದರೇನು, ಅದೇನು ಬಸ್‌ಸ್ಟ್ಯಾಂಡೇ? ಎರಡು ಕೌದಿ ಮಡಚಿ ಒಳಗಿಟ್ಟಳು. ಉರುಳಬಾರದೆಂದು ಒಂದು ಲೋಡು ಒರಗಿಸಿದಳು. ಅಕಸ್ಮಾತ್ ಬಿದ್ದರೆ ಪೆಟ್ಟಾಗಬಾರದೆಂದು ಕಟಕಟೆಯ ಹೊರಗೂ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದಳು. ಒಳಗೆ ಹತ್ತಲು ಮೆಟ್ಟಿಲು, ಹೊರಗೆ ಇಳಿಯಲು ಮೆಟ್ಟಿಲು! ವೈಭವ ಐದೇ ನಿಮಿಷದಲ್ಲಿ ಮಲಗಿದ. "ನೋಡು, ನನ್ನ ಕೌದೀದ ಕರಾಮತ್ತು!" ಎಂದು ತನಗೆ ತಾನೇ ಶಾಬಾಸ್ ಹೇಳಿಕೊಂಡು ಶಿವಗಂಗಾಬಾಯಿ ತೊಟ್ಟಿಲಿನ ಪಕ್ಕದ ಹಾಸಿಗೆಯಲ್ಲಿ ಕಣ್ಣು ಮುಚ್ಚಿದಳು.

ಈಗ ಆ ಓಣಿಯ ಒಂದು ಕಟ್ಟಳೆ ಹೇಳಬೇಕು. ಆ ಸೀಮೆಯಲ್ಲಿ ದೊಡ್ಡ ಭೂಕಂಪವಾಗಿ ಹನ್ನೆರಡು ವರ್ಷ ಕಳೆದಿದ್ದರೂ ಜನರ ಎದೆಯ ನಡುಕ ಹೋಗಿರಲಿಲ್ಲ. ನೆಲ ಅಲುಗಿದ್ದು ಮೊದಲು ಯಾರಿಗೆ ತಿಳಿಯುತ್ತದೋ ಅವರು ತಾಟು ಬಡಿಯಬೇಕು. ಸದ್ದು ಕೇಳಿದವರು ಹಿಂದೆ ಮುಂದೆ ನೋಡದೆ ಬೀದಿಗೆ ಓಡಬೇಕು. ಹೀಗೆಂದು ಹಿರಿಯರೆಲ್ಲ ಕೂತು ಗೊತ್ತು ಮಾಡಿದ್ದರು. ಅದಕ್ಕೆಂದೇ ಪ್ರತಿ ಮನೆಯ ಅಡಿಗೆಮನೆಯಲ್ಲೂ ಕೈಗೆ ಸಿಗುವಂತೆ ಒಂದು ತಾಟು, ಒಂದು ಸೌಟು ಇರುತ್ತಿದ್ದವು.

ಢಣ್! ಢಣ್! ಢಣ್!

ಓಣಿಗೆ ಓಣಿಯೇ ಬೀದಿಗೆ ಬಿತ್ತು. ಶಾಂತವೀರಪ್ಪ ಬನಿಯನ್ನಿನಲ್ಲಿ, ಎದುರುಮನೆಯ ಮಲ್ಲಣ್ಣ ಅರ್ಧ ಬೋಳಿಸಿದ ಗಡ್ಡದಲ್ಲಿ, ಮಲಕಮ್ಮ ಕೈತುಂಬ ಹಿಟ್ಟಿನಲ್ಲಿ! ಶಿವಗಂಗಾಬಾಯಿ ಮಾತ್ರ ನಿದ್ದೆಗಣ್ಣಲ್ಲೂ ಕರ್ತವ್ಯ ಮರೆಯಲಿಲ್ಲ. ತೊಟ್ಟಿಲಿಗೆ ಕೈ ಹಾಕಿ, ಕೌದಿಸಮೇತ ಬಾಚಿಕೊಂಡು ನಾಲ್ಕೇ ಹೆಜ್ಜೆಗೆ ಹೊರಗೆ ಬಂದಿದ್ದಳು.

"ವೈಭವ ಎಲ್ಲಿ?" ಎಂದು ವಿಜಯಶ್ರೀ ಕಿರುಚಿದಳು.

"ಯಾಕ ಅಂಜ್ತಿ? ನನ್ನ ತೆಕ್ಕ್ಯಾಗ ಅದಾನ!" ಎಂದ ಶಿವಗಂಗಾಬಾಯಿ, ಬೀಗತಿಗೆ ಕಾಣುವಂತೆ ಹಮ್ಮಿನಿಂದ ಕೌದಿ ಸರಿಸಿದಳು.

ಒಳಗೆ ಲೋಡು!

ಮನೆ ಬೀಳಲಿ, ಮಾಳಿಗೆ ಬೀಳಲಿ, ಲೋಡು ಬಿಸಾಡಿ ಒಳಗೆ ನುಗ್ಗಿದಳು. ಅದೇ ಗಳಿಗೆಗೆ ಪ್ರೇಮಾಬಾಯಿಯೂ ನುಗ್ಗಿದಳು. ಇಬ್ಬರೂ ಮೈಯಲ್ಲಿ ತುಂಬಿದವರು. ಬಾಗಿಲಲ್ಲಿ ಗಚ್ಚಾಗಿ ಸಿಕ್ಕಿಕೊಂಡರು. "ಸರೀರಿ ಬೀಗ್ತೇರ!" "ನೀವೇ ಸರೀರಿ!" ಒಳಗೆ ತಾಟಿನ ಸದ್ದು ನಡೆದೇ ಇತ್ತು. ಕೊನೆಗೆ ಮಗ ರವಿಕಾಂತ ಹಿಂದಿನಿಂದ ದಬ್ಬಿದಾಗ ಇಬ್ಬರೂ ಒಟ್ಟಿಗೆ ಒಳಗೆ ಬಿದ್ದರು.

ಅಡಿಗೆಮನೆಯ ನಡುವೆ ವೈಭವ ಕಾಲು ಚಾಚಿ ಕೂತು, ಸೌಟಿನಿಂದ ತಾಟು ಬಡಿಯುತ್ತಿದ್ದ. ಇವರನ್ನು ನೋಡಿದ್ದೇ ಕೇಕೆ ಹಾಕಿ ನಕ್ಕ.

ಭೂಕಂಪ ಆಗಿಯೇ ಇರಲಿಲ್ಲ ಎಂದು ಓಣಿ ಬೈಯುತ್ತ, ನಗುತ್ತ ಮನೆಗೆ ಹೋಯಿತು. ವಿಜಯಶ್ರೀ ತೊಟ್ಟಿಲಿನ ಒಳಗೆ ಉಳಿದಿದ್ದ ಇನ್ನೊಂದು ಕೌದಿ ನೋಡಿದಳು, ಹೊರಗಿನ ದಿಂಬು ನೋಡಿದಳು, ಕೊನೆಗೆ ಅತ್ತೆಯ ಮುಖ ನೋಡಿದಳು.

"ನಾಳಿಗಿ ಮುಂಜಾನಿ ಮೊದಲನೇ ಗಾಡಿಗಿ ಉದಗೀರಕ್ಕ" ಎಂದಳು.

"ಇನ್ನ ಮ್ಯಾಲ ಒಳಗ ಏನೂ ಹಾಕಲ್ಲವಾ. ನನ್ನಾಣಿ!"

"ಬ್ಯಾಡ್ರಿ ಅತ್ಯಾರ. ಸಾಲಿ ಒಳಗ ಕೂತು ನಾ ಹೆಂಗ ಪಾಠ ಹೇಳ್ಲಿ? ನನ್ನ ಜೀವ ಇಲ್ಲೇ ಇರ್ತದ."

ವೈಭವ ಆಗಲೇ ಪ್ರೇಮಾಬಾಯಿಯ ತೊಡೆಯೇರಿ ಅವಳ ಬಳೆ ಎಣಿಸುವವನಂತೆ ತಿರುವುತ್ತಿದ್ದ. ಅದನ್ನು ನೋಡಿ ಶಿವಗಂಗಾಬಾಯಿಯ ಹೊಟ್ಟೆ ಉರಿಯಿತು. ಆದರೆ ಖಾಲಿ ಮನೆಯನ್ನು ನೆನೆದರೆ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು.

"ಬೀಗ್ತೇರ..." ಎಂದಳು. ದನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. "ಕೂಸಿಗಿ ಒಯ್ಯಬ್ಯಾಡ್ರಿ. ಬೇಕಂದ್ರ ನೀವೇ... ನೀವೇ ಇಲ್ಲಿ ಇರ್ರಿ. ಕೈ ಮುಗೀತೀನಿ."

ಶಾಂತವೀರಪ್ಪನ ಕೈಯಿಂದ ಪೇಪರು ಜಾರಿತು.

"ಅಯ್ಯ, ಕೈ ಯಾಕ ಮುಗೀತೀರಿ!" ಪ್ರೇಮಾಬಾಯಿಯ ಮುಖ ಊರಗಲವಾಯಿತು. "ಎರಡು ತಿಂಗಳಿಗಾಗೋ ಅಷ್ಟು ಸೀರಿ ತಗೊಂಡೇ ಬಂದೀನಿ. ನೀವು ಕರಿಲಾರ್ದೆ ಹ್ಯಾಂಗ ಇರೋದಂತ ಸುಮ್ನಿದ್ದೆ, ಅಷ್ಟೇ."

ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು ಎದ್ದು ಹೋಗಿ, ತೊಟ್ಟಿಲಿನ ಸುತ್ತ ಒಂದು ಸಲ ಕಣ್ಣಾಡಿಸಿದಳು.

"ನನ್ನ ಹಾಸಗಿ ಇಲ್ಲೇ ತೊಟ್ಲದ ಬಾಜೂಕ ಇರಲ್ರಿ ಬೀಗ್ತೇರ. ನಿಮ್ದು ಜರಾ ಆ ಕಡಿ ಸರಸ್ರಿ."