ತಾ ಹಿಡಿದ ಮುಟಗಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಒಂದು ಮುಷ್ಟಿ ರೊಟ್ಟಿಗಾಗಿ ಒಬ್ಬ ಮನುಷ್ಯ ಒಂದು ದಿನ ಪಟ್ಟ ಪಾಡನ್ನು ಕತೆ ಅಂತ ಹೇಳಲು ಹೊರಟಿದ್ದೇನೆ. ಇದಕ್ಕಿಂತ ದೊಡ್ಡ ಸಂಗತಿಗಳು ಲೋಕದಲ್ಲಿವೆ, ಅವನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರೂ ಇದ್ದಾರೆ. ಮುಟಗಿ ತಿಂದು ಬೆಳೆದವರು ನಾನು ತಪ್ಪಿದ ಕಡೆ ತಿದ್ದಿಕೊಳ್ಳಲಿ. ತಿನ್ನದವರು ಹೇಗೋ ಹೊಟ್ಟೆಗೆ ಹಾಕಿಕೊಳ್ಳಲಿ.

ಎಲ್ಲಕ್ಕೂ ಮೂಲ, ಕಲ್ಲೇಶನಿಗೆ ಜ್ವರ ಬಿಟ್ಟದ್ದು.

ದಿಲ್‌ಸುಖ್‌ನಗರದ ಬಾಡಿಗೆ ಫ್ಲ್ಯಾಟಿನಲ್ಲಿ ನಾಲ್ಕು ದಿನ ಹಾಸಿಗೆಗೆ ಅಂಟಿಕೊಂಡಿದ್ದ ಅವನು ಗುರುವಾರ ಬೆಳಿಗ್ಗೆ ಎದ್ದಾಗ ಮೈ ತಣ್ಣಗಿತ್ತು. ರಜೆ ಮಾತ್ರ ಇನ್ನೂ ಒಂದು ದಿನ ಬಾಕಿ ಇತ್ತು. ಜ್ವರವಿಲ್ಲದೆ ಜ್ವರದ ರಜೆ ಅನುಭವಿಸುವುದು ತಪ್ಪಲ್ಲವೇ ಎಂದು ಹದಿನೈದು ನಿಮಿಷ ಒದ್ದಾಡಿದ. ಆಮೇಲೆ ನಾಲಿಗೆ ಬಾಯೊಳಗೆ ಒಂದು ಸುತ್ತು ತಿರುಗಿ, ನಲವತ್ತು ವರ್ಷದ ಹಿಂದಿನ ಮಾತು ಆಡಿತು: ಮುಟಗಿ.

ದಪ್ಪಗೆ ತಟ್ಟಿದ ಜೋಳದ ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಮುರಿದು, ಬಳ್ಳೊಳ್ಳಿ, ಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಕಲ್ಲಿನಲ್ಲಿ ಕುಟ್ಟಿ, ಮೇಲೆ ಕುಸುಬಿ ಎಣ್ಣೆ ಬಿಟ್ಟು, ಕೈ ಸುಡುವಾಗಲೇ ಮುಷ್ಟಿಯಲ್ಲಿ ಹಿಂಡಿದರೆ ಅದು ಮುಟಗಿ. ಹಿಡಿದವರ ನಾಲ್ಕು ಬೆರಳಿನ ಗುರುತು ಅದರ ಮೈಮೇಲೆ ಉಳಿಯುತ್ತದೆ. ಲಿಂಗಸೂಗೂರಿನ ಹತ್ತಿರದ ಅವರ ಊರಲ್ಲಿ ಜ್ವರ ಬಿಟ್ಟ ದಿನ ಅವ್ವ ಕೊಡುತ್ತಿದ್ದ ಮೊದಲ ಊಟ ಅದೇ. ಕಲ್ಲೇಶ ತಿನ್ನುವ ಮೊದಲು ಅವ್ವನ ಬೆರಳಿನ ಗುಣಿಗಳಲ್ಲಿ ತನ್ನ ಸಣ್ಣ ಬೆರಳು ಇಟ್ಟು ನೋಡುತ್ತಿದ್ದ. ಸುತ್ತಲೂ ಜಾಗ ಉಳಿಯುತ್ತಿತ್ತು.

ಅವರ ಮನೆಯಲ್ಲಿ ಒಂದು ರಿವಾಜು ಇತ್ತು. ತಾ ಹಿಡಿದ ಮುಟಗಿ ತಾ ತಿನ್ನಬಾರದು. ತಿಂದರೆ ಕೈಯಾಗಿನ ರುಚಿ ಹೋಗುತ್ತದೆ. ಅವ್ವ ಇಬ್ಬರು ಮಕ್ಕಳಿಗೂ ಹಿಡಿದು ಕೊಟ್ಟು, ತಾನು ಮಜ್ಜಿಗೆಯಲ್ಲಿ ಹಳೇ ರೊಟ್ಟಿ ಅದ್ದಿಕೊಂಡು ತಿನ್ನುತ್ತಿದ್ದಳು. ಅವ್ವ ತೀರಿಕೊಂಡು ಎಂಟು ವರ್ಷ. ಅಷ್ಟೂ ವರ್ಷ ಕಲ್ಲೇಶನಿಗೆ ಮುಟಗಿ ಸಿಕ್ಕಿರಲಿಲ್ಲ. ಕುಟ್ಟುವುದು ಬಲ್ಲ, ಹಿಂಡುವುದೂ ಬಲ್ಲ. ಹಿಡಿದು ಕೊಡುವ ಇನ್ನೊಂದು ಕೈ ಬೇಕಿತ್ತು, ಅಷ್ಟೆ.

ಹತ್ತಿರದ ಕೈ ಹೆಂಡತಿ ಸ್ನೇಹಲತಾಳದು. ಅದು ಈಗ ಬ್ಯಾಂಡೇಜಿನಲ್ಲಿತ್ತು. ಗಂಡನಿಗೆ ಕಷಾಯ ತರುವಾಗ ಜಾರಿ ಬಿದ್ದು ಬಲಗೈ ಉಳುಕಿತ್ತು.

"ಎಡಗೈಲೆ ಹಿಡದು ಕೊಡ್ಲೇನು?" ಅಂದಳು.

"ಛೇ, ಎಡಗೈಲೆ ಹೆಂಗ ಕೊಡ್ತಿ?"

"ಹಂಗಾರ ಸುಮ್ನ ಬ್ರೆಡ್ ತಿನ್ರಿ. ನಾ ಹಿಮಾಯತ್‌ನಗರದಾಗ ಹುಟ್ಟಿದಾಕಿ. ನಿಮ್ಮ ಮುಟಗಿ ನಾ ಕಣ್ಣಿಲೆ ಕಂಡಿಲ್ಲ."

ಕಲ್ಲೇಶ ಅಕ್ಕ ಬಸಲಿಂಗಮ್ಮನಿಗೆ ಫೋನು ಮಾಡಿದ. ಅಕ್ಕ ಲಿಂಗಸೂಗೂರಿನಲ್ಲಿ ಯಾರದೋ ಮದುವೆಯಲ್ಲಿದ್ದಳು. ಬ್ಯಾಂಡಿನ ಸದ್ದಿನ ನಡುವೆ "ಸಂಜಿಗೆ ಮಾಡ್ತೀನೋ" ಎಂದು ಕೂಗಿ ಇಟ್ಟುಬಿಟ್ಟಳು.

ಆ ಮಾತು ಕೆಳಗಿನ ಮನೆಯ ಗೋದಾವರಿಬಾಯಿಯ ಕಿವಿಗೆ ಬಿತ್ತು. ಆ ಕಟ್ಟಡದಲ್ಲಿ ಪೈಪು ಸೋರುವುದಕ್ಕಿಂತ ಮುಂಚೆ ಸುದ್ದಿ ಸೋರುತ್ತಿತ್ತು. ಹತ್ತೇ ನಿಮಿಷದಲ್ಲಿ ಬಾಗಿಲಲ್ಲಿ ನಿಂತಿದ್ದರು.

"ರೊಟ್ಟಿ ನಾ ಬಡೀತೀನಿ, ಕಲ್ಲೂ ನಮ್ಮ ಮನ್ಯಾಗ ಅದ. ಬರ್ರಿ ಕೆಳಗ. ಜ್ವರ ಬಿಟ್ಟ ಮನಷ್ಯಾ ಆಶಾ ಪಟ್ಟಾಗ ಇಲ್ಲ ಅನಬಾರದು."

ಅವರ ಪತಿ ದತ್ತಾತ್ರೇಯರಾಯರು ಸರಕಾರಿ ಕೆಲಸದಿಂದ ನಿವೃತ್ತರು. ಈಗ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪೇ ಅವರ ಕಚೇರಿ. ಕಲ್ಲೇಶ ರಿವಾಜು ವಿವರಿಸುತ್ತಿದ್ದಂತೆ ಅವರು ಕನ್ನಡಕ ಏರಿಸಿಕೊಂಡು ಫೋನಿನಲ್ಲಿ ಟಿಪ್ಪಣಿ ಮಾಡಿಕೊಂಡರು.

ರೊಟ್ಟಿ ಇಳಿಯಿತು. ಕಲ್ಲೇಶ ಕುಟ್ಟಿದ. "ಈಗ ಹಿಡೀರಿ ಬಾಯಾರ."

"ಹೆಂಗ ಹಿಡೀಬೇಕು? ಒಮ್ಮೆ ಮಾಡಿ ತೋರಸ್ರಿ."

ಕಲ್ಲೇಶ ತೋರಿಸಿದ. ಕೈ ತೆರೆಯುವಷ್ಟರಲ್ಲಿ ದತ್ತಾತ್ರೇಯರಾಯರ ಅಂಗೈ ಕೆಳಗೆ ಬಂದಿತ್ತು. "ನೀವು ಹಿಡದದ್ದು ನೀವು ತಿನ್ನಂಗಿಲ್ಲ ಅಂದ್ರಲ್ಲ? ಅನ್ನ ಕೆಡಸಬಾರದು."

ಒಂದೇ ತುತ್ತಿಗೆ ಅರ್ಧ ಹೋಯಿತು. ಗೋದಾವರಿಬಾಯಿ ಎರಡನೇ ರೊಟ್ಟಿ ಕಲ್ಲಿಗೆ ಹಾಕಿ, "ಇವತ್ತು ಗುರುವಾರ, ಬಳ್ಳೊಳ್ಳಿ ನಾ ಮುಟ್ಟಂಗಿಲ್ಲ" ಎಂದು ಬೆಲ್ಲ, ತುಪ್ಪ, ಏಲಕ್ಕಿ ಸುರಿದು, ಎರಡೂ ಕೈಯಲ್ಲಿ ದುಂಡಗೆ ಉಂಡೆ ಕಟ್ಟಿ ಕೊಟ್ಟರು. ಬೆರಳಿನ ಗುರುತಿರಲಿಲ್ಲ. ಅದರ ಮೇಲೆ ಒಂದು ಗೋಡಂಬಿ ಇತ್ತು. ಕಲ್ಲೇಶ ತಿಂದ. ಬೇರೆಯವರ ಮನೆಯ ಸೀಮಂತಕ್ಕೆ ಬಂದು ಕೂತಂತಾಯಿತು.

"ಹೆಂಗದ?"

"ಭಾಳ ಛಲೋ ಐತ್ರಿ," ಅಂದ. ಜೀವಮಾನದಲ್ಲಿ ಒಬ್ಬರ ಎದುರಿಗೂ ಇಲ್ಲ ಅಂದವನಲ್ಲ.

ಮಧ್ಯಾಹ್ನದವರೆಗೆ ಮನಸ್ಸು ಸುಮ್ಮನಿರಲಿಲ್ಲ. ಅಷ್ಟು ಹತ್ತಿರ ಬಂದು ಹೋದದ್ದು ಹಸಿವನ್ನು ಇನ್ನೂ ಕೆಣಕಿತ್ತು. ಸಂಜೆ ಐದಕ್ಕೆ ಯಾದಮ್ಮ ನೆನಪಾದಳು. ಮೆಟ್ರೋ ಕಂಬದ ಪಕ್ಕ ಕಟ್ಟಿಗೆ ಒಲೆ ಹಚ್ಚಿ, ಕೆಲಸ ಬಿಟ್ಟು ಬರುವವರಿಗೆ ಜೋಳದ ರೊಟ್ಟಿ ಬಡಿದು ಮಾರುವ ಹೆಂಗಸು. ಅವಳ ಕೈ ಕಂಡಿದ್ದ: ಅಗಲ, ಒರಟು, ಹಿಟ್ಟಿನ ಬಿಳುಪು. ಆ ಕೈ ಸಾಕು. ಗೋದಾವರಿಬಾಯಿಯ ಕುಟ್ಟುವ ಕಲ್ಲನ್ನು ಲ್ಯಾಪ್‌ಟಾಪ್ ಚೀಲದಲ್ಲಿ ಹಾಕಿಕೊಂಡು, ಬಳ್ಳೊಳ್ಳಿ, ಮೆಣಸಿನಕಾಯಿ, ಜೀರಿಗೆಯ ಪೊಟ್ಟಣ ಮತ್ತು ಎಣ್ಣೆಯ ಶೀಶೆ ಜೇಬಿಗೆ ಇಳಿಸಿ ಹೊರಟ. ಕಲ್ಲಿನ ಭಾರಕ್ಕೆ ಒಂದು ಭುಜ ಕೆಳಗಾಗಿ, ದಾರಿಯುದ್ದಕ್ಕೂ ಯಾರನ್ನೋ ಬಗ್ಗಿ ನಮಸ್ಕರಿಸುವವನ ಹಾಗೆ ನಡೆದ.

"ಏಂದಿ ಸಾರೂ ಇದಿ?" ಚೀಲದಿಂದ ಹೊರಬಂದ ಕಲ್ಲು ನೋಡಿ ಯಾದಮ್ಮ ಕೇಳಿದಳು.

ಕಲ್ಲೇಶ ತನ್ನ ಹರಕು ತೆಲುಗಿನಲ್ಲಿ ಜ್ವರ, ಅವ್ವ, ರಿವಾಜು ಎಲ್ಲವನ್ನೂ ಹೇಳಿದ. ಅವಳು ನಗಲಿಲ್ಲ. "ಅಮ್ಮ ಚೇತಿದಾ?" ಎಂದು ಮಾತ್ರ ಕೇಳಿ, ದಪ್ಪಗೆ ಒಂದು ರೊಟ್ಟಿ ಬಡಿದು ಕೊಟ್ಟಳು. ಅಮ್ಮನ ಕೈಯದಾ ಎಂಬ ಆ ಪ್ರಶ್ನೆಗೆ ಕಲ್ಲೇಶ ಹೊಗೆ ಎಂದು ಕಣ್ಣೊರೆಸಿಕೊಂಡ.

ಅವಳಿಗೂ ತೋರಿಸಿಕೊಡಬೇಕಾಯಿತು. ತೋರಿಸಿದ ಮೊದಲನೆಯದನ್ನು ಪಕ್ಕದಲ್ಲಿ ನಿಂತಿದ್ದ ಕೋಚಿಂಗ್ ಕ್ಲಾಸಿನ ಹುಡುಗಿಯೊಬ್ಬಳು "ಅಂಕಲ್, ಸ್ಯಾಂಪಲ್ಲಾ?" ಎಂದು ತೆಗೆದುಕೊಂಡಳು. ಯಾದಮ್ಮ ಹಿಡಿದದ್ದು ಪುಡಿಪುಡಿಯಾಯಿತು, ಇನ್ನೊಮ್ಮೆ ತೋರಿಸಿದ. ಅದು ಆ ಹುಡುಗಿಯ ಗೆಳತಿಗೆ ಹೋಯಿತು. ಮೂರನೆಯದನ್ನು ಆಟೋದವನು ಇಳಿಯದೆಯೇ ಕೈ ಚಾಚಿ ಇಸಿದುಕೊಂಡ. ಬೇಡ ಎನ್ನಲು ಕಲ್ಲೇಶನಿಗೆ ಬಾಯಿ ಬರಲಿಲ್ಲ; ತಾನಂತೂ ತಿನ್ನುವ ಹಾಗಿಲ್ಲವಲ್ಲ. ಸುತ್ತ ಸಾಲು ನಿಂತಿತು. ಮದುವೆ ಮನೆಯಲ್ಲಿ ಬಡಿಸಲು ನಿಂತ ಉಪವಾಸಿಯ ಹಾಗೆ ಅವನು ಕುಟ್ಟಿದ, ಹಿಂಡಿದ, ಕೊಟ್ಟ.

ಕೊನೆಗೆ ಯಾದಮ್ಮ ಈಗ ತನ್ನ ಸರದಿ ಎಂದು ಅವನನ್ನು ಮೊಣಕೈಯಿಂದಲೇ ತಳ್ಳಿ, "ಜರುಗು ಸಾರೂ, ಇಪ್ಪುಡು ನೇನು" ಎಂದು ಕಲ್ಲಿನಲ್ಲಿದ್ದುದನ್ನು ಬಾಚಿ ಒಂದೇ ಹಿಡಿ ಹಿಡಿದು ಅವನ ಅಂಗೈಗಿಟ್ಟಳು.

ಹೊಗೆಯ ವಾಸನೆ, ಬಳ್ಳೊಳ್ಳಿಯ ಘಾಟು, ಎಣ್ಣೆ ಜಿನುಗುವ ನಾಲ್ಕು ಗುಣಿ. ಕಲ್ಲೇಶ ತನ್ನ ಬೆರಳುಗಳನ್ನು ಅವುಗಳಲ್ಲಿಟ್ಟು ನೋಡಿದ. ಸರಿಯಾಗಿ ಕೂತವು. ಬಾಯಿ ತೆರೆದ.

"ಕಲ್ಲೇಶಪ್ಪಾ! ಜ್ವರ ಹೆಂಗೈತ್ರಿ?"

ಹಿಮಾಯತ್‌ನಗರದ ಅವನ ಆಫೀಸಿನ ಮ್ಯಾನೇಜರು ಅಮೃತಪ್ಪನವರು, ಕೈಯಲ್ಲಿ ಮೋಸಂಬಿಯ ಚೀಲ ಹಿಡಿದು ನಿಂತಿದ್ದರು. ರೋಗಿಯನ್ನು ನೋಡಲು ಮೆಟ್ರೋ ಇಳಿದು ಬರುತ್ತಿದ್ದರು.

ಕಲ್ಲೇಶನ ಮೈ ಮತ್ತೆ ಬಿಸಿಯಾಯಿತು. "ಸರ್... ಮುಂಜಾನಿಂದ ಸ್ವಲ್ಪ... ನಾಳೆ ಬರಾಂವ ಇದ್ದೆ ಸರ್..."

ಅಮೃತಪ್ಪನವರು ಅವನನ್ನು ನೋಡುತ್ತಿರಲಿಲ್ಲ. ಅವನ ಕೈ ನೋಡುತ್ತಿದ್ದರು. ಮೋಸಂಬಿಯ ಚೀಲ ನಿಧಾನಕ್ಕೆ ಕೆಳಗಿಳಿಯಿತು.

"ಮುಟಗಿ ಏನ್ರಿ ಅದು?" ದನಿ ಬೇರೆಯಾಗಿತ್ತು. "ನಮ್ಮ ಆಯಿ ಮಾಡ್ತಿದ್ಲು, ಭಾಲ್ಕ್ಯಾಗ. ಮೂವತ್ತೈದು ವರ್ಷ ಆತು ನೋಡ್ರಿ, ಹೆಸರು ಸೈತ ಕೇಳಿಲ್ಲ ನಾ."

ಸುಳ್ಳು ರಜೆಯಲ್ಲಿ ಸಿಕ್ಕಿಬಿದ್ದವನು, ಮೇಲಾಗಿ ಕಲ್ಲೇಶ, ಬೇರೇನು ಮಾಡಿಯಾನು? ಕೈ ತಾನೇ ಮುಂದೆ ಹೋಯಿತು. "ತಗೋರಿ ಸರ್."

"ನಿಮಗ?"

"ನಂದು ಆತ್ರಿ ಸರ್."

ಅಮೃತಪ್ಪನವರು ಕಣ್ಣು ಮುಚ್ಚಿ ತಿಂದರು. ರಿವಾಜನ್ನೂ ಕೇಳಿ ತಿಳಿದುಕೊಂಡು, "ಹೌದೇನು! ಹಿರಿಯಾರ ಮಾತು ಅಂದ್ರ ಸುಮ್ನ ಅಲ್ಲ" ಎಂದು ತಲೆದೂಗಿದರು. ಹೊರಡುವಾಗ ಬೆನ್ನು ತಟ್ಟಿ ಹೇಳಿದರು: "ರಜಾದ ಮಾತು ಬಿಡ್ರಿ. ನಾಳೆ ಕಲ್ಲು ತಗೊಂಡು ಆಫೀಸಿಗೆ ಬರ್ರಿ. ರೊಟ್ಟಿ ನಾ ತರಸ್ತೀನಿ. ಹನ್ನೆರಡು ಮಂದಿ ಅದೀವಿ, ನೀವೇ ಹಿಡದು ಕೊಡಬೇಕು."

ತಿರುಗಿ ನೋಡಿದರೆ ಯಾದಮ್ಮ ಹಿಟ್ಟಿನ ಬುಟ್ಟಿ ಬೋರಲು ಹಾಕಿದ್ದಳು. ಕೊನೆಯ ಒಂದು ರೊಟ್ಟಿಯನ್ನು ಅವನ ಪಾಲಿಗೆಂದು ಹಂಚಿನ ಮೇಲೆ ಬಿಟ್ಟು, ಬಸ್ಸು ಬಂತೆಂದು ಕೈ ತೊಳೆದುಕೊಂಡು ಓಡಿದ್ದಳು.

ಕಲ್ಲೇಶ ಒಬ್ಬನೇ ಕುಟ್ಟಿದ, ಒಬ್ಬನೇ ಹಿಡಿದ. ಸಾಲು ಕರಗಿತ್ತು, ಯಾರೂ ನೋಡುತ್ತಿರಲಿಲ್ಲ. ಮುಟಗಿ ತುಟಿಯವರೆಗೆ ಹೋಯಿತು. ಅಲ್ಲೇ ನಿಂತಿತು. ಮಜ್ಜಿಗೆಯ ಬಟ್ಟಲಿನ ಮುಂದೆ ಕೂತ ಅವ್ವ ಕಣ್ಣಿಗೆ ಬಂದಳು. ಅಷ್ಟು ವರ್ಷ ಒಂದು ಸಲವೂ ಅವಳು ತಪ್ಪಿರಲಿಲ್ಲ. ಒಂದು ಸಂಜೆಯ ನಾಲಿಗೆಯ ಚಪಲಕ್ಕೆ ತಾನು ತಪ್ಪಲೇ?

ಮುಟಗಿಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಮನೆಗೆ ಬಂದ. ಸ್ನೇಹಲತಾಳ ಬಲಗೈ ಬ್ಯಾಂಡೇಜಿನಲ್ಲಿದ್ದುದರಿಂದ ತಾನೇ ಮುರಿದು ಬಾಯಿಗಿಟ್ಟ. ಮೊದಲ ತುತ್ತಿಗೆ ಅವಳು ಹುಬ್ಬು ಗಂಟಿಕ್ಕಿದಳು. ಎರಡನೆಯದಕ್ಕೆ ಬಾಯಿ ತಾನೇ ತೆರೆದಳು. ಕೊನೆಯ ತುತ್ತು ನುಂಗಿ, "ಇಷ್ಟು ವರ್ಷ ಯಾಕ ಹೇಳಿರಲಿಲ್ಲ ನೀವು?" ಎಂದು ಸಿಟ್ಟಿನಲ್ಲಿ ಕೇಳಿದಳು.

ಆಗ ಅಕ್ಕನ ಫೋನು ಬಂತು. ಕಲ್ಲೇಶ ದಿನದ ಪುರಾಣವನ್ನೆಲ್ಲ ಹೇಳಿದ. ರಿವಾಜಿನ ಮಾತು ಬಂದ ಕೂಡಲೇ ಆ ಕಡೆ ಬಸಲಿಂಗಮ್ಮ ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕಳು.

"ಎಲೋ ತಮ್ಮಾ, ಅದು ಯಾವ ರಿವಾಜೋ? ನಾ ಕಟ್ಟಿದ ಸುಳ್ಳದು!"

"ಏನಂದಿ?"

"ನಾ ಸಾಲ್ಯಾಗ ಮೂರನೇ ಇಯತ್ತೆ ಇದ್ದೆ. ಅವ್ವ ಮುಟಗಿ ಮಾಡಿದಾಗೆಲ್ಲ ಮೂರು ಹಿಡೀತಿದ್ಲು, ನಿನಗೊಂದು, ನನಗೊಂದು, ತನಗೊಂದು. ಅಕೀದು ದೊಡ್ಡದಿರತೈತಿ ಅಂತ ನನಗ ಹೊಟ್ಟಿಕಿಚ್ಚು. 'ಅವ್ವಾ, ತಾ ಹಿಡದದ್ದು ತಾ ತಿಂದ್ರ ಕೈಯಾಗಿನ ರುಚಿ ಹೋಗತೈತಂತ, ಸಾಲ್ಯಾಗ ಮಾಸ್ತರು ಹೇಳ್ಯಾರ' ಅಂದೆ. ಅಕಿ ನನ್ನ ಮಾರಿ ನೋಡಿದ್ಲು. 'ಹೌದೇನವಾ?' ಅಂದು ತನ್ನ ಮುಟಗಿ ನನ್ನ ಕೈಯಾಗಿಟ್ಲು. ಅವತ್ತಿಂದ ತಿನ್ನಲೇ ಇಲ್ಲ ನೋಡು." ಅಕ್ಕನ ನಗು ನಡುವೆಯೇ ಎಲ್ಲೋ ಮುರಿಯಿತು. "ದೊಡ್ಡಾಕಿ ಆದಮ್ಯಾಲೆ ಹೇಳಬೇಕಂತಿದ್ದೆ. ಹೇಳಲಿಲ್ಲೋ."

ಕಲ್ಲೇಶ ಕರ್ಚೀಫು ಬಿಚ್ಚಿ ನೋಡಿದ. ಎಣ್ಣೆಯ ಕಲೆ, ಎರಡು ಜೀರಿಗೆ ಕಾಳು.

ಅಷ್ಟರಲ್ಲಿ ಫೋನು ಮತ್ತೆ ಗುಂಯ್‌ಗುಟ್ಟಿತು. ದತ್ತಾತ್ರೇಯರಾಯರು ಗುಂಪಿನಲ್ಲಿ ಬರೆದಿದ್ದರು: 'ನಮ್ಮ ಪೂರ್ವಜರ ವಿಜ್ಞಾನ! ತಾನು ಹಿಡಿದ ಮುಟಗಿ ತಾನು ತಿಂದರೆ ಕೈಯ ಉಷ್ಣ ದೇಹಕ್ಕೆ ಮರಳಿ ಪಿತ್ತ ಕೆರಳುತ್ತದೆ.' ಕೆಳಗೆ ನಲವತ್ತಾರು ನಮಸ್ಕಾರಗಳು. ಗೋದಾವರಿಬಾಯಿ ಮಣಿಕೊಂಡದ ತಂಗಿಗೂ ಕಳಿಸಿಯಾಗಿತ್ತು. ಅಮೃತಪ್ಪನವರು ಆಫೀಸಿನ ಗುಂಪಿಗೆ ಆ ರಿವಾಜನ್ನೇ ತಮ್ಮ ಮಾತಿನಲ್ಲಿ ಬರೆದು, 'ಕಲ್ಲೇಶಪ್ಪನವರ ಪಾಲಿಗೆ ಬೇರೆ ಊಟ ತರಿಸಿ' ಎಂದು ಸೇರಿಸಿದ್ದರು.

ಅದು ಸುಳ್ಳು ಎಂದು ಕಲ್ಲೇಶ ಎರಡು ಸಲ ಟೈಪು ಮಾಡಿದ, ಎರಡು ಸಲವೂ ಅಳಿಸಿದ. ಮರುದಿನ ಹಿಮಾಯತ್‌ನಗರದಲ್ಲಿ ಹನ್ನೆರಡು ಮುಟಗಿ ಹಿಡಿದು ಹನ್ನೆರಡು ಕೈಗೆ ಕೊಟ್ಟು, ತಾನು ಒಂದು ಮೂಲೆಯಲ್ಲಿ ಮೊಸರನ್ನ ತಿಂದ. ಎಲ್ಲರೂ ಕೈ ಗುಣ ಹೊಗಳಿದರು.

ಅವ್ವ ಆ ಮಾತನ್ನು ನಂಬಿದ್ದಳೋ, ಮೂರನೇ ಇಯತ್ತೆಯ ಮಗಳ ಮುಖ ನೋಡಿ ಸುಮ್ಮನಾದಳೋ, ಅದು ನನಗೆ ಗೊತ್ತಿಲ್ಲ. ಗೊತ್ತಿದ್ದವಳು ಒಬ್ಬಳೇ ಇದ್ದಳು, ಅವಳನ್ನು ಯಾರೂ ಕೇಳಿರಲಿಲ್ಲ.