ಗೋಮಾಳದ ಸಿಪಿಲೆಗಳೂ ಸೀರೆ ಅಂಗಡಿಯ ನಾನೂ

ಬೇರೆಯವರು ಹಕ್ಕಿ ನೋಡೋಕೆ ಹೋದರೆ ಹಕ್ಕಿ ನೋಡಿಕೊಂಡು ಬರ್ತಾರೆ. ನಾನು ಹೋದರೆ ಮಾತ್ರ ಏನಾದರೊಂದು ಫಜೀತಿ ಕಟ್ಟಿಟ್ಟ ಬುತ್ತಿ.

ನಂದು ಚಿಕ್ಕಪೇಟೇಲಿ ಸೀರೆ ಅಂಗಡಿ, ಮನೆ ಚಾಮರಾಜಪೇಟೆ. ವಾರವೆಲ್ಲ ಸೀರೆ ಬಿಚ್ಚಿ, ಮಡಿಸಿ, ಚಳಿಗಾಲದ ಭಾನುವಾರ ಬಂತೂಂದ್ರೆ ಊರಾಚೆಯ ಒಂದು ಗೋಮಾಳಕ್ಕೆ ಓಡ್ತೀನಿ. ದನ ಮೇಯುವಾಗ ಹುಲ್ಲಿಂದ ಹುಳ ಏಳುತ್ತೆ. ಹುಳ ಹಿಡಿಯೋಕೆ ಹಳದಿ ಸಿಪಿಲೆಗಳು ಹಿಂಡುಹಿಂಡಾಗಿ ಬಾಲ ಕುಣಿಸ್ತಾ ದನದ ಕಾಲಡಿಯೇ ಓಡಾಡ್ತವೆ. ಎಲ್ಲೋ ಹಿಮದ ದೇಶದಿಂದ ಬಂದ ಪುಟ್ಟ ಹಕ್ಕಿ ಸ್ವಾಮೀ, ನೋಡ್ತಿದ್ರೆ ಹೊಟ್ಟೆ ತುಂಬುತ್ತೆ!

ಬೀದಿ ದನ

ಮೊದಲನೇ ಭಾನುವಾರ ಮಂಕಿ ಕ್ಯಾಪ್ ಹಾಕ್ಕೊಂಡು ಹೊರಟಾಗ ಎದುರು ಮನೆಯವರು, "ಹಕ್ಕಿ ಲಾಲ್‌ಬಾಗ್‌ನಲ್ಲಿಲ್ವಾ ಸಾರ್?" ಅಂದರು. ನಾನು ಬಾಯಿ ತೆರೆಯೋಕೆ ಮುಂಚೆ ನನ್ನಾಕೆ ಬಾಗಿಲಿಂದಲೇ, "ಇವರಿಗೆ ದನದ ಪಕ್ಕ ಇರೋ ಹಕ್ಕಿನೇ ಆಗ್ಬೇಕು. ದನ ನಮ್ಮ ಬೀದೀಲೂ ಇದೆ, ಪಕ್ಕದಲ್ಲಿ ಕಾಗೇನೂ ಇದೆ. ಅದು ಕಣ್ಣಿಗೆ ಬೀಳಲ್ಲ!" ಅಂದಳು.

ಲಾಭ

ಗೋಮಾಳದಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ದುರ್ಬೀನು ಕೂರಿಸ್ತಿದ್ದೆ. ದನ ಕಾಯೋ ಅಜ್ಜಿಯೊಬ್ಬಳು ಕೋಲೆತ್ತಿಕೊಂಡೇ ಬಂದಳು.

"ಸೈಟ್ ಅಳೆಯಕ್ಕೆ ಬಂದ್ಯೇನಪ್ಪಾ? ಎತ್ತು ನಿನ್ನ ಮಿಷನ್ನು! ಈ ಹುಲ್ಲು ಹೋದ್ರೆ ನನ್ನ ದನ ಏನು ಟಾರು ಮೇಯ್ತವಾ?"

ಇಲ್ಲಿ ಯಾರೂ ದನ ಮೇಯಿಸಲ್ಲ, ಜಾಗ ಖಾಲಿ ಬಿದ್ದಿದೆ, ಲೇಔಟ್ ಮಾಡಿ ಅಂತ ಯಾರೋ ಅರ್ಜಿ ಕೊಟ್ಟಿದ್ದರಂತೆ. ಪಾಪ, ಆಕೆಗೆ ಅದೇ ದಿಗಿಲು.

"ಅಳೆಯೋಕಲ್ಲ ಅಜ್ಜಿ, ಹಕ್ಕಿ ಎಣಿಸೋಕೆ ಬಂದಿದೀನಿ," ಅಂದೆ.

"ಹಂಗಾದ್ರೆ ಎಣಿಸು, ನೋಡ್ತೀನಿ."

ಗಾಬರೀಲಿ ಅಂಗಡಿಯ ರೂಢಿಯೇ ಬಾಯಿಗೆ ಬಂತು. "ಲಾಭ, ಎರಡು, ಮೂರು..." ಒಂದು ಅನ್ನೋ ಬದಲು ಲಾಭ ಅನ್ನೋದು ನಮ್ಮ ತಾತನ ಕಾಲದ ಪದ್ಧತಿ.

ಅಜ್ಜಿ ಕೋಲು ಇಳಿಸಿದಳು. "ನಮ್ಮಪ್ಪ ಕಣದಲ್ಲಿ ರಾಗಿ ಅಳೆಯೋವಾಗ ಹಿಂಗೇ ಅಂತಿದ್ದ. ಸೈಟ್ನೋರು ಲಾಭಾನ ಬಾಯ್ಬಿಟ್ಟು ಹೇಳಲ್ಲ. ಕೂತ್ಕೋ."

ಕರು

ಒಮ್ಮೆ ನೆಲಗುಬ್ಬಿ ನೋಡೋಕೆ ಅರ್ಧ ಗಂಟೆ ಹುಲ್ಲಲ್ಲಿ ಬೋರಲು ಮಲಗಿದ್ದೆ. ಕುತ್ತಿಗೆ ಮೇಲೆ ಒರಟಾದ ನಾಲಿಗೆ! ಅಯ್ಯಯ್ಯೋ ಅಂತ ಚೀರಿದೆ. ಅಜ್ಜಿ, "ಹೆದರ್ಕೋಬೇಡ, ನಮ್ಮ ಹಸು ನಿನ್ನ ಕರು ಅನ್ಕೊಂಡು ನೆಕ್ತಾವ್ಳೆ," ಅಂದಳು. ಮನೇಲಿ ಹೇಳಿದೆ. ನನ್ನಾಕೆ ನನ್ನ ಹೊಟ್ಟೆ ನೋಡಿ, "ಆ ಹಸುನ ಮೊದಲು ಕಣ್ಣಿನ ಡಾಕ್ಟ್ರಿಗೆ ತೋರಿಸೋಕೆ ಹೇಳಿ," ಅಂದಳು.

ಲೆಕ್ಕದ ದಿನ

ಆಮೇಲೆ ಬಂತು ನೋಡಿ ಆ ದಿನ. ಇಲ್ಲಿ ನಿಜಕ್ಕೂ ದನ ಮೇಯ್ತವಾ, ಎಷ್ಟು ಅಂತ ಎಣಿಸೋಕೆ ಅಧಿಕಾರಿ ಬರ್ತಾರೆ ಅಂತ ಅಜ್ಜಿ ಹೇಳಿದ್ದಳು. ನಾನೂ ಅಂಗಡಿಗೆ ರಜ ಹಾಕಿ ಹೋದೆ. ಗ್ರಹಚಾರ, ಊರಿನ ಅರ್ಧ ದನ ಅವತ್ತೇ ಕೆರೆ ಕಡೆ ಹೋಗಿಬಿಟ್ಟಿದ್ದವು.

ಅಧಿಕಾರಿ ಹೊಂಗೆ ಮರದ ಕೆಳಗೆ ಪುಸ್ತಕ ಹಿಡಿದು ನಿಂತರು. ದಿಬ್ಬದ ಹಿಂದಿನಿಂದ ದನ ಬಂದವು, ಎದುರು ಹಾದು ಹೋದವು, ಮತ್ತೆ ಬಂದವು, ಬರ್ತಾನೇ ಇದ್ದವು. ನಾನು ದನದ ಹಿಂದಿದ್ದ ಸಿಪಿಲೆಗಳನ್ನ ಎಣಿಸ್ತಿದ್ದೆ. ಕೊಂಬು ಮುರಿದ ಹಸುವೊಂದು ಮೂರನೇ ಸಲ ಹಾದು ಹೋಯಿತು. ದಿಬ್ಬದ ಹಿಂದೆ ಅಜ್ಜಿ ದನಗಳನ್ನ ಸುತ್ತಾಡಿಸ್ತಿದ್ದಾಳೆ!

ಅಷ್ಟರಲ್ಲಿ ಅಧಿಕಾರಿ, "ನೀವು ವಾರವಾರ ಬರ್ತೀರಂತೆ. ಇಲ್ಲಿ ದನ ಮೇಯ್ತವಾ?" ಅಂತ ನನ್ನನ್ನೇ ಕೇಳೋದೇ!

"ಒಂದು ವಾರಾನೂ ತಪ್ಪಿಲ್ಲ ಸಾರ್," ಅಂದೆ. ಅದಂತೂ ದೇವರಾಣೆ ಸತ್ಯ.

ಅವರು 'ಗೋಮಾಳ ಬಳಕೆಯಲ್ಲಿದೆ' ಅಂತ ಬರೆದು ಸಹಿ ಹಾಕಿದರು. ಅಬ್ಬಾ, ಹೋದ ಜೀವ ಬಂತು! ದಿಬ್ಬದಾಚೆಯಿಂದ ಬಂದ ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಜೀಪು ಹತ್ತುತ್ತಾ ಅಧಿಕಾರಿ ತಿರುಗಿ ಹೇಳಿದರು: "ಅಜ್ಜಿ, ಆ ಮುರಿದ ಕೊಂಬಿನ ಹಸುಗೆ ಮೊದಲು ನೀರು ಕುಡಿಸಿ. ಪಾಪ, ಮೂರು ಸಲ ಸುತ್ತಿ ಸುಸ್ತಾಗಿದೆ."