ನಳ ಬಂತು

ಒಂದು ಊರಿನಲ್ಲಿ ಬಾಡಿಗೆಗೆ ಇರುವುದು ಬೇರೆ, ಅಲ್ಲಿ ಮನೆ ಕಟ್ಟುವುದು ಬೇರೆ. ಬಾಡಿಗೆಯವನಿಗೆ ಊರೆಂದರೆ ಬೀಗರ ಮನೆ ಇದ್ದ ಹಾಗೆ. ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದರಾಯಿತು, ಅಡುಗೆಮನೆಯಲ್ಲಿ ಏನು ನಡೆದಿದೆಯೆಂದು ಇಣುಕುವ ಅಗತ್ಯ ಬೀಳುವುದಿಲ್ಲ. ಬೀದಿ ದೀಪ ಹತ್ತದಿದ್ದರೆ ಮನೆಯ ಮಾಲಕರಿಗೆ ಹೇಳು, ಗಟಾರ ತುಂಬಿದರೆ ಮಾಲಕರಿಗೆ ಹೇಳು. ಅವರು ಹೋಗಿ ಯಾರಿಗೆ ಹೇಳುತ್ತಾರೋ ಆ ಭಗವಂತನೇ ಬಲ್ಲ. ಸ್ವಂತ ಮನೆ ಕಟ್ಟಿದ ಮೇಲೆ ಗೊತ್ತಾಗುತ್ತದೆ, ಇನ್ನು ಹೇಳಿಕೊಳ್ಳಲು ಮಾಲಕರೇ ಇಲ್ಲ. ಆ ಹಣೆಬರಹದ ಮಾಲಕ ನಾನೇ.

ನನ್ನ ಸ್ಥಿತಿ ಇನ್ನೂ ನಗೆಪಾಟಲಿನದು. ನಾನು ದೇವಣಗಾಂವದ ಕಡೆಯವನು, ನೌಕರಿಯುದ್ದಕ್ಕೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಸಾಲಿಗಳಲ್ಲಿ ಪೌರನೀತಿ ಕಲಿಸಿದ ಮಾಸ್ತರ. ಪುರಸಭೆಯ ಕರ್ತವ್ಯಗಳು ಯಾವುವು ಎಂದು ಕೇಳಿದರೆ ನನ್ನ ಹುಡುಗರು ಒಂದೇ ಉಸಿರಿಗೆ ಹೇಳುತ್ತಿದ್ದರು: ಕುಡಿಯುವ ನೀರು ಒದಗಿಸುವುದು, ಬೀದಿ ದೀಪ ಹಾಕಿಸುವುದು, ಚರಂಡಿ ಕಟ್ಟಿಸುವುದು, ಜನನ ಮರಣ ನೋಂದಾಯಿಸುವುದು. ನಡುವೆ ಉಸಿರು ತೆಗೆದುಕೊಂಡ ಹುಡುಗನಿಗೆ ಮರಣ ಮರೆತು ಹೋಗುತ್ತಿತ್ತು. ಇಷ್ಟೆಲ್ಲ ಕಲಿಸಿದ ನಾನು ಮಾತ್ರ ನಿವೃತ್ತನಾಗುವವರೆಗೆ ಒಂದು ಪುರಸಭೆಯ ಮೆಟ್ಟಿಲನ್ನೂ ಹತ್ತಿದವನಲ್ಲ. ಈಗ ಈ ನಾಲ್ಕು ಊರುಗಳಲ್ಲಿ ಒಂದರ ಅಂಚಿಗೆ, ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ್ದೇನೆ. ಯಾವ ಊರು ಎಂದು ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ಬಂದ ನಳ ಹೋದೀತು ಎಂಬ ಹೆದರಿಕೆ.

ನಳದ ವಿಷಯ ಇಲ್ಲೇ ಬಿಡಿಸಿ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಅನಾಹುತವೆಲ್ಲ ಅದರಿಂದಲೇ ಆದದ್ದು. ನಲ್ಲಿಗೆ ನಮ್ಮ ಕಡೆ ನಳ ಎನ್ನುತ್ತೇವೆ. ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮಲ್ಲಿ ನೀರು ಬರುವುದಿಲ್ಲ, ನಳ ಬರುತ್ತದೆ. ನೀರು ನಿಲ್ಲುವುದಿಲ್ಲ, ನಳ ಹೋಗುತ್ತದೆ. ಒಮ್ಮೆ ಮೈಸೂರು ಕಡೆಯ ಗೆಳೆಯರೊಬ್ಬರು ನಮ್ಮಲ್ಲಿಗೆ ಬಂದಿದ್ದಾಗ ಓಣಿಯಲ್ಲಿ ಯಾರೋ "ನಳ ಬಂತು, ನಳ ಬಂತು!" ಎಂದು ಕೂಗಿದರು. ಮನೆಮನೆಯಿಂದ ಕೊಡಪಾನ ಹಿಡಿದ ಹೆಂಗಸರು ಓಡಿಬಂದದ್ದನ್ನು ಕಂಡು ಆ ಗೆಳೆಯರು ಗಾಬರಿಯಾಗಿ, "ಗೋಡೆಯಲ್ಲೇ ಇದೆಯಲ್ಲ ಸಾರ್ ನಲ್ಲಿ, ಅದು ಎಲ್ಲಿಗೆ ಹೋಗಿತ್ತು?" ಎಂದು ಕೇಳಿದರು. ಆಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಮನೆ ಆಯಿತು, ವಾಸ್ತುಶಾಂತಿ ಆಯಿತು, ಹೋಳಿಗೆ ಊಟವೂ ಆಯಿತು. ಆದರೆ ನನ್ನ ಹೆಂಡತಿ ಮಾಲತಿ ಹೊಸ ಮನೆಗೆ ಬರಲು ಸುತಾರಾಂ ಒಪ್ಪಲಿಲ್ಲ. ಬೋರು ಹಾಕಿಸಿದ್ದೆ, ನೀರೂ ಬಿದ್ದಿತ್ತು, ಆದರೆ ಬರೀ ಸವಳು. ಆ ನೀರಿನಲ್ಲಿ ಸಾಬೂನು ನೊರೆ ಬಿಡುವುದಿಲ್ಲ, ಚಹಾ ಒಡೆಯುತ್ತದೆ, ತೊಗರಿಬೇಳೆಯಂತೂ ಮಧ್ಯಾಹ್ನದವರೆಗೆ ಕುದಿಸಿದರೂ ಹಾಕಿದ ಹಾಗೇ ಕೂತಿರುತ್ತದೆ. "ಬ್ಯಾಳಿ ಕುದಿಯದ ಮನ್ಯಾಗ ನಾ ಸಂಸಾರ ಮಾಡೂದಿಲ್ಲ ನೋಡ್ರಿ," ಎಂದಳು. "ಮೊದಲ ನಳ ಬರಲಿ. ನಳ ಬಂದ ದಿನಾನೇ ನಾ ಬರ್ತೀನಿ." ಪೇಟೆಯೊಳಗಿನ ಬಾಡಿಗೆ ಮನೆಯಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ. ಅಲ್ಲಿ ನಳವಿತ್ತು, ನಳ ಬಂದಾಗ ಜಗಳವಾಡಲು ಗೆಳತಿಯರಿದ್ದರು. ನನಗೋ ಜೀವಮಾನದ ದುಡಿಮೆ ಹಾಕಿ ಕಟ್ಟಿದ ಮನೆ. ಹಗಲೆಲ್ಲ ಅಲ್ಲಿ ಹೋಗಿ ಕುರ್ಚಿ ಹಾಕಿಕೊಂಡು ಕೂರುವುದು, ಹೊತ್ತು ಮುಳುಗಿದ ಮೇಲೆ ಬಾಡಿಗೆ ಮನೆಗೆ ಮರಳುವುದು. ಸ್ವಂತ ಮನೆಗೆ ನಾನೇ ಅತಿಥಿಯಾಗಿಬಿಟ್ಟೆ.

ಹೀಗಾಗಿ ಒಂದು ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಗಲಲ್ಲಿ ಫೈಲು ಹಿಡಿದು ಪುರಸಭೆಗೆ ಹೋದೆ. ಬಾಗಿಲ ಬಳಿ ಇದ್ದವನನ್ನು ವಿಚಾರಿಸಿದರೆ, "ಒಳಗ ಸಾಹೇಬ್ರು ಕುಂತಾರ ಹೋಗ್ರಿ," ಎಂದ. ಒಳಗೆ ಫ್ಯಾನಿನ ಕೆಳಗೆ ಬಿಳಿ ಜುಬ್ಬಾ, ಬಿಳಿ ಟೋಪಿಯ ಹಿರಿಯರೊಬ್ಬರು ಗಂಭೀರವಾಗಿ ಪೇಪರು ಓದುತ್ತಿದ್ದರು. ಎಂಥ ಕಳೆ, ಎಂಥ ಶಾಂತಿ! ನಮಸ್ಕಾರ ಹೇಳಿ ಶುರು ಹಚ್ಚಿಕೊಂಡೆ. ಪುರಸಭೆಯ ಕರ್ತವ್ಯಗಳನ್ನು ಒಂದೂ ಬಿಡದೆ ಹೇಳಿದೆ. ಅವರು ಕನ್ನಡಕ ತೆಗೆದು, ಕಿವಿಗೊಟ್ಟು ಕೇಳಿದರು, ನಡುನಡುವೆ "ಹೌದ್ರಿ, ಹೌದ್ರಿ" ಎಂದರು. ಸರಕಾರಿ ಕಚೇರಿಯಲ್ಲಿ ಇಷ್ಟು ತಾಳ್ಮೆ ಇದೆಯೆಂದು ಪಠ್ಯಪುಸ್ತಕದಲ್ಲೂ ಬರೆದಿರಲಿಲ್ಲ. ಕೊನೆಗೆ ಅವರು ಕೈಮುಗಿದು, "ನೀವು ಹೇಳಿದ್ದು ನೂರಕ್ಕ ನೂರು ಖರೇ ಐತ್ರಿ ಸಾಹೇಬ್ರ. ನಮ್ಮ ಮನಿಗೂ ನಳ ಇಲ್ಲ. ಅದರದೂ ಸ್ವಲ್ಪ ನೋಡ್ರಿ," ಎಂದರು.

ಅವರು ಮಕಬೂಲಸಾಬರು, ಪೇಟೆಯ ಹಳೆಯ ಅರಿವೆ ವ್ಯಾಪಾರಿಗಳು. ಊರಿನವರೆಲ್ಲ ಅವರನ್ನು ಕರೆಯುವುದೇ ಸಾಹೇಬ್ರು ಎಂದು. ನನ್ನ ಇಸ್ತ್ರಿ ಅಂಗಿ, ಬಗಲ ಫೈಲು, ಭಾಷಣ ಎಲ್ಲ ಸೇರಿ ಅವರು ನನ್ನನ್ನೇ ಹೊಸದಾಗಿ ಬಂದ ಸಾಹೇಬ್ರು ಎಂದು ತಿಳಿದಿದ್ದರು. ಇನ್ನೂ ಮಜಾ ಎಂದರೆ ಅವರ ಹೊಸ ಮನೆ ನಮ್ಮ ಮನೆಯ ಹಿಂದಿನದೇ. ಅವರ ಹೆಂಡತಿ ಹಜರತಬಿಯವರೂ ನಳ ಬರುವವರೆಗೆ ಬರುವುದಿಲ್ಲವೆಂದು ಹಳೆಯ ಮನೆಯಲ್ಲಿ ಕೂತಿದ್ದರು. "ಮಾಸ್ತರ, ನಾವಿಬ್ರೂ ಒಂದ ದೋಣ್ಯಾಗ ಕುಂತೇವಿ ಬಿಡ್ರಿ. ಆದ್ರ ದೋಣಿ ತೇಲಾಕ ನೀರ ಇಲ್ಲ," ಎಂದು ಅವರು ನಕ್ಕಾಗ ನಮ್ಮ ಗೆಳೆತನ ಗಟ್ಟಿಯಾಯಿತು.

ಅಲ್ಲಿಂದ ಮುಂದೆ ನಾವಿಬ್ಬರೂ ಊರನ್ನು ಅಭ್ಯಾಸ ಮಾಡಿದ್ದೇ ಮಾಡಿದ್ದು. ನೀರಿನ ಕೋಣೆ ಯಾವುದು, ದೀಪದ ವಿಚಾರ ಯಾರದು, ಯಾವ ಹೊತ್ತಿಗೆ ಹೋದರೆ ಯಾರು ಸಿಗುತ್ತಾರೆ, ಯಾವ ಚಹಾದ ಅಂಗಡಿಯಲ್ಲಿ ಕೂತರೆ ಅವರೇ ಬಂದು ಸಿಗುತ್ತಾರೆ, ಎಲ್ಲ ಕರಗತವಾಯಿತು. ಕಚೇರಿಯ ಮಂದಿಯೂ ಒಳ್ಳೆಯವರೇ. ನಮ್ಮನ್ನು ಕಂಡೊಡನೆ "ಬರ್ರಿ ಬರ್ರಿ, ಕುಂದರ್ರಿ" ಎನ್ನುತ್ತಿದ್ದರು, ಎದ್ದು ಹೋಗಿರಿ ಎಂದು ಒಮ್ಮೆಯೂ ಅನ್ನಲಿಲ್ಲ. ಊರಿನ ವಾಚನಾಲಯ ಸಿಕ್ಕಿತು. ಅಲ್ಲಿ ಎರಡು ಕಿಟಕಿಗಳ ನಡುವೆ ಎಂಥ ಚೆಂದದ ಗಾಳಿ ಬೀಸುತ್ತದೆಯೆಂದರೆ ಪೇಪರಿನ ಮೊದಲ ಪುಟ ದಾಟುವುದರೊಳಗೆ ನಿದ್ದೆ ಬರುತ್ತದೆ. ನಮ್ಮ ಬಡಾವಣೆಯ ನಕ್ಷೆಯಲ್ಲಿ ಒಂದು ಉದ್ಯಾನವಿದೆ ಎಂಬ ಸಂಗತಿಯೂ ತಿಳಿಯಿತು. ಹೋಗಿ ನೋಡಿದರೆ ಜಾಲಿಕಂಟಿ, ನಾಲ್ಕಾರು ಎಮ್ಮೆ. ನಾನು ಸಿಟ್ಟಾದರೆ ಸಾಹೇಬ್ರು ಸಮಾಧಾನ ಹೇಳಿದರು: "ಉದ್ಯಾನ ಅಂದ್ರ ಹಸರು ಇರಬೇಕು, ಐತಿ. ಮಂದಿ ಅಡ್ಡಾಡಬೇಕು, ಎಮ್ಮಿ ಅಡ್ಡಾಡಾಕತ್ತಾವ. ಇನ್ನೇನ ಬೇಕ್ರಿ ಮಾಸ್ತರ?" ಕಸದ ಗಾಡಿಯದೂ ಅದೇ ಕತೆ. ಅದರ ಹಾಡು ನಮ್ಮ ಬಾಗಿಲ ತನಕ ಬರುತ್ತಿತ್ತು, ಗಾಡಿ ಮಾತ್ರ ಮೂಲೆಯಲ್ಲೇ ತಿರುಗಿಕೊಂಡು ಹೋಗುತ್ತಿತ್ತು. ನಾವಿಬ್ಬರೂ ಕುರ್ಚಿಯಲ್ಲಿ ಕೂತು ಹಾಡನ್ನಷ್ಟೇ ಕೇಳಿ ಸಂತೋಷಪಡುತ್ತಿದ್ದೆವು. ಸುಖವಾಗಿಯೇ ಇದ್ದೆ ಎನ್ನಬೇಕು. ಆದರೆ ಸಂಜೆ ಮನೆಗೆ ಹೋದರೆ ಮಾಲತಿಯದು ಒಂದೇ ಪ್ರಶ್ನೆ, "ಏನಂತ್ರಿ ನಿಮ್ಮ ಪುರಸಭಾ? ನಾ ಈ ಜನ್ಮದಾಗ ಸ್ವಂತ ಮನಿ ಹೊಸ್ತಿಲಾ ದಾಟತೀನೋ ಇಲ್ಲೋ?"

ಕಡೆಗೂ ಒಂದು ಮುಂಜಾನೆ, ನಾನು ಇನ್ನೂ ಬಾಡಿಗೆ ಮನೆಯಲ್ಲಿದ್ದಾಗಲೇ, ಸಾಹೇಬ್ರ ಫೋನು. ಗಾಳಿಯಲ್ಲಿ ಒದರುತ್ತಿದ್ದರು: "ಮಾಸ್ತರ, ನಳ ಬಂತ್ರಿ! ನಿಮ್ಮ ಮನಿಗೂ ಬಂತು, ನಮ್ಮ ಮನಿಗೂ ಬಂತು! ನಾ ಕಣ್ಣಾರೆ ನೋಡಾಕತ್ತೇನಿ!"

ನಾನು ಲುಂಗಿಯಲ್ಲೇ ಅಡುಗೆಮನೆಗೆ ಓಡಿ, "ಮಾಲತಿ, ನಳ ಬಂತು!" ಎಂದೆ. ಅವಳು ಅಭ್ಯಾಸಬಲದಿಂದ ಕೊಡ ಎತ್ತಿಕೊಂಡು ಹಿತ್ತಲಿಗೆ ಹೊರಟಳು. "ಇಲ್ಲಲ್ಲ, ನಮ್ಮ ಮನಿಗೆ!" ಎಂದ ಮೇಲೆ "ಅಗಬಾಯಿ!" ಎಂದು ಅಲ್ಲೇ ಕೂತುಬಿಟ್ಟಳು. ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ. ಮಧ್ಯಾಹ್ನದೊಳಗೆ ಡಬ್ಬಿ, ಭಾಂಡೆ, ದೇವರ ಪೆಟ್ಟಿಗೆ, ತುಳಸಿಕಟ್ಟೆ ಸಹಿತ ಎಲ್ಲ ಟಂಟಂ ಗಾಡಿ ಏರಿದವು. ಕೀಲಿ ಮಾಲಕರ ಕೈಗೆ ಹೋಯಿತು. ಅವರು ನಿಂತ ಕಾಲಲ್ಲೇ ಸುಣ್ಣ ಹಚ್ಚುವವರನ್ನು ಕರೆಸಿಬಿಟ್ಟರು.

ಹೊಸ ಮನೆಯ ಅಂಗಳದಲ್ಲಿ ಹೊಚ್ಚ ಹೊಸ ನಳ ಫಳಫಳ ಹೊಳೆಯುತ್ತಿತ್ತು. ಮಾಲತಿ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹೂವೇರಿಸಿ, ಕಾಯಿ ಒಡೆದು, ಕೆಳಗೆ ಬೆಳ್ಳಿ ತಂಬಿಗೆ ಇಟ್ಟು ಭಕ್ತಿಯಿಂದ ತಿರುವಿದಳು. ನಳ "ಫುಸ್" ಎಂದಿತು. ಮತ್ತೆ ತಿರುವಿದಳು. ಒಂದು ಇರುವೆ ಹೊರಬಂತು.

"ಏನ್ರಿ ಇದು?"

"ನಳ," ಎಂದೆ.

"ನೀರು?"

ಆಗ ಸಾಹೇಬ್ರು ತಮ್ಮ ಅಂಗಳದಿಂದ ತಲೆ ತಗ್ಗಿಸಿಕೊಂಡು ಬಂದರು. "ಬಾಯಾರ, ನಾ ನಳ ಬಂತು ಅಂದ್ನಿ. ಪುರಸಭಾದವರು ಕೂಡಿಸಿ ಹೋದ್ರು, ಅದನ್ನ ಹೇಳ್ದ್ನಿ. ನೀರು ಬಂತು ಅಂತ ಅಂದಿದ್ದಿಲ್ಲರಿ." ಅವರ ಹಿಂದೆಯೇ ಹಜರತಬಿಯವರು ಸೊಂಟಕ್ಕೆ ಸೆರಗು ಸಿಗಿಸಿಕೊಂಡು ಬಂದರು. ಅವರೂ ಅದೇ ಮಾತು ನಂಬಿ, ಹಳೆಯ ಓಣಿಯವರಿಗೆಲ್ಲ ಸಕ್ಕರೆ ಹಂಚಿ ಬಂದಿದ್ದರು. ಈಗ ಯಾವ ಮುಖ ಇಟ್ಟುಕೊಂಡು ಮರಳಿ ಹೋಗುವುದು? ಅದುವರೆಗೆ ಒಬ್ಬರನ್ನೊಬ್ಬರು ಕಂಡಿರದ ಇಬ್ಬರು ಹೆಂಗಸರು ಆ ಒಣ ನಳದ ಎರಡೂ ಬದಿಗೆ ನಿಂತು ನಮ್ಮನ್ನು ನೋಡಿದರು.

"ವೈನಿ, ಇಬ್ರೂ ದಿನಾ ಎಲ್ಲಿಗೆ ಹೋಕ್ಕಿದ್ರು ಅಂತೀರಿ?" ಎಂದರು ಹಜರತಬಿ.

"ಪುರಸಭಾಕ್ಕಂತ. ಚಹಾದ ಅಂಗಡಿಗೆ ಪುರಸಭಾ ಅಂತಾರ ಇವರು," ಎಂದಳು ಮಾಲತಿ. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಒಂದು ದಿನ ನೋಡ್ತೀನಿ. ನೀರು ಬರಲಿಲ್ಲಂದ್ರ ಕನ್ನೊಳ್ಳಿಗೆ ತಮ್ಮನ ಮನಿಗೆ ಹೋಗ್ತೀನಿ. ಕರೀಲಿಕ್ಕೆ ಬರಬ್ಯಾಡ್ರಿ," ಎಂದಳು. ಅವಳ ದನಿಯಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಅಳು ಇತ್ತು. ಆ ರಾತ್ರಿ ಒಡೆದ ಚಹಾ ಕುಡಿದು ಮಲಗಿದೆ.

ಮರುದಿನ ನಾನು ಏಳುವುದರೊಳಗೆ ಅವಳು ಅಂಗಳ ಸಾರಿಸಿ, ರಂಗೋಲಿ ಹಾಕಿ, ಸೀರೆ ಒಗೆದು ಹಗ್ಗಕ್ಕೆ ಹಾಕಿ, ಹಜರತಬಿಯವರನ್ನು ಜೊತೆ ಮಾಡಿಕೊಂಡು ನೀರಿನ ಟಾಕಿಯ ಕಡೆ ಹೊರಟು ನಿಂತಿದ್ದಳು. "ಒಂದು ಅರ್ಜಿ ಬರೆದುಕೊಡಲೇನು?" ಎಂದೆ. "ಬಾಯಿ ಅದ ನನಗ," ಎಂದಳು.

ಟಾಕಿಯ ಹತ್ತಿರ ನೀರು ಬಿಡುವ ಸಂಗಪ್ಪ ಇದ್ದ. ಪೇಟೆಯ ಓಣಿಯಲ್ಲಿ ವರ್ಷಗಟ್ಟಲೆ ಅವನೊಂದಿಗೆ ಜಗಳವಾಡಿದ ಬಳಕೆ ಅವಳಿಗಿತ್ತು. ನಡೆದದ್ದನ್ನು ಆಮೇಲೆ ಹಜರತಬಿಯವರೇ ಅಭಿನಯ ಮಾಡಿ ತೋರಿಸಿದರು. "ಏನೋ ಸಂಗಪ್ಪ, ನಮ್ಮ ಕಡೆ ಯಾಕ ನೀರು ಬಿಡವಲ್ಲಿ?" ಎಂದಳಂತೆ ಮಾಲತಿ. ಅವನಿಗೆ ಆಶ್ಚರ್ಯ. "ಅಯ್ಯ, ಆ ಕಡೆ ಮಂದಿ ಅದಾರೇನ್ರಿ ಬಾಯಾರ? ಪೈಪು ತಯಾರ ಐತಿ. ಮಂದಿ ಬಂದಮ್ಯಾಲ ಬಿಡೂಣು ಅಂತ ಪುರಸಭಾ ಸಾಹೇಬ್ರು ಹೇಳ್ಯಾರ. ನಾ ದಿನಾ ಆ ಹಾದೀಲೆ ಹೋಗ್ತೇನಿ, ಒಂದು ಮನೀ ಮುಂದ ರಂಗೋಲಿ ಇಲ್ಲ, ಹಗ್ಗದ ಮ್ಯಾಲ ಒಂದು ಸೀರಿ ಇಲ್ಲ. ಇಬ್ರು ಮುದುಕರು ಕುರ್ಚಿ ಹಾಕ್ಕೊಂಡು ಕುಂತಿರ್ತಾರ. ವಾಚಮನ್ ಇರಬೇಕು ಅಂತ ಮಾಡಿದ್ನಿ!"

ಅಲ್ಲಿಗೆ ಎಲ್ಲ ತಿಳಿಯಿತು. ನೀರು ಬಂದರೆ ಹೆಂಗಸರು ಬರುತ್ತೇವೆ ಎಂದು ಕೂತಿದ್ದರು, ಹೆಂಗಸರು ಬಂದರೆ ನೀರು ಬರುತ್ತೇನೆ ಎಂದು ಕೂತಿತ್ತು. ನಡುವೆ ನಾವಿಬ್ಬರು ಕಚೇರಿಯಿಂದ ಕಚೇರಿಗೆ ತಿರುಗಿದೆವು, ನಮ್ಮ ಬಡಾವಣೆಯಲ್ಲಿ ಮಂದಿ ಇದ್ದಾರೆ ಎಂಬ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಹೇಳಿದೆವು. ಹೇಳುವುದಾದರೂ ಹೇಗೆ? ಇರಲಿಲ್ಲವಲ್ಲ.

ಅದೇ ಸಂಜೆ ನಳ ಕೆಮ್ಮಿತು, ಕೆಂಪು ಕೆಸರು ಉಗುಳಿತು, ಆಮೇಲೆ ತಿಳಿಯಾದ ನೀರು ಧೋ ಎಂದು ಸುರಿಯಿತು. ಮಾಲತಿ ಬೊಗಸೆಯಲ್ಲಿ ಹಿಡಿದು ಕುಡಿದು, "ಸಿಹಿ ಅದ್ರಿ," ಎಂದಳು. ನನ್ನ ಕಣ್ಣು ತುಂಬಿ ಬಂದವು, ಸುಳ್ಳು ಯಾಕೆ ಹೇಳಲಿ. ಅಂದು ರಾತ್ರಿ ಬೇಳೆ ಎಷ್ಟು ಚೆನ್ನಾಗಿ ಬೆಂದಿತ್ತೆಂದರೆ ಹುಡುಕಿದರೂ ಒಂದು ಕಾಳು ಸಿಗಲಿಲ್ಲ. ಹೊಸ ಮನೆಯಲ್ಲಿ ನಾನು ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಈಗ ಬಡಾವಣೆ ತುಂಬಿದೆ. ಕಸದ ಗಾಡಿ ಹಾಡಿನ ಸಮೇತ ಒಳಗೇ ಬರುತ್ತದೆ, ದೀಪ ಹತ್ತುತ್ತವೆ, ಎಮ್ಮೆಗಳಿಗೂ ಬೇರೆ ವ್ಯವಸ್ಥೆಯಾಗಿದೆ. ಮೊನ್ನೆ ನಾನು ಅಂಗಳದಲ್ಲಿ ಕೂತಿದ್ದಾಗ ಆಚೆಯ ಸಾಲಿನಲ್ಲಿ ಹೊಸದಾಗಿ ಮನೆ ಕಟ್ಟುತ್ತಿರುವವರೊಬ್ಬರು ಗೇಟಿನ ಬಳಿ ಬಂದು ನಿಂತರು. ಮುಖದ ತುಂಬ ಕಳವಳ. ನನಗೆ ಉತ್ಸಾಹ ಬಂತು. ಕನ್ನಡಕ ಸರಿಮಾಡಿಕೊಂಡು, "ಬರ್ರಿ, ಕುಂದರ್ರಿ. ನಳದ ವಿಚಾರೇನು? ನೋಡ್ರಿ, ಪುರಸಭೆಯ ಕರ್ತವ್ಯಗಳಂದ್ರ ಮೊದಲನೇದಾಗಿ..." ಎಂದು ಶುರು ಮಾಡಿದೆ.

ಅವರು ಮರ್ಯಾದೆಯಿಂದ ಅಷ್ಟೂ ಕೇಳಿ, ಮೆಲ್ಲಗೆ, "ಅದೆಲ್ಲಾ ಖರೇ ಐತ್ರಿ ಅಜ್ಜಾರ," ಎಂದರು. "ಬಾಯಾರು ಮನ್ಯಾಗ ಅದಾರೇನು?"

ಒಳಗೆ ಹೋಗಿ ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ನಡೆದು, "ಅವರಿಗೆ ಒಂದು ಕಪ್ಪು ಚಹಾ ಮಾಡ್ರಿ," ಎಂದಳು. ನಾನು ಚಹಾಕ್ಕಿಟ್ಟೆ.